ತೂಕದ ಚೀಟಿಯ ಹಿಂಬದಿ

ಕಳೆದ ಸಂಚಿಕೆಯಲ್ಲಿ ನಾನು ಮಾವಿನ ಮಿಡಿ ಉಪ್ಪಿನಕಾಯಿಯ ಮಹಿಮೆಯನ್ನು ಒಂದೂವರೆ ಪುಟ ಬರೆದಿದ್ದೆನಷ್ಟೆ. ಅದನ್ನು ಓದಿದ ಪುಣೆಯ ಸೋದರಿಯೊಬ್ಬರು ಪತ್ರ ಬರೆದಿದ್ದಾರೆ. ಅದರಲ್ಲಿ ಹೊಗಳಿಕೆ ಎರಡು ಸಾಲು, ಆಕ್ಷೇಪಣೆ ಹದಿನಾಲ್ಕು ಸಾಲು. “ತಿನ್ನುವ ವಿಷಯವನ್ನೇ ವರ್ಷವೆಲ್ಲ ಬರೆಯುತ್ತೀರಿ. ತಿಂದದ್ದು ಮೈಮೇಲೆ ಕೂತು ಇಳಿಯಲೊಲ್ಲದೆ ಅಳುವವರಿಗೆ ನಿಮ್ಮಲ್ಲಿ ಒಂದು ಮಾತೂ ಇಲ್ಲವೇ?” ಎಂಬುದು ಆಕ್ಷೇಪಣೆಯ ಸಾರಾಂಶ.

ಕೇಳಿದ್ದು ನ್ಯಾಯವಾಗಿದೆ. ಮಾತು ಇಲ್ಲದೆ ಇಲ್ಲ, ಹೇಳುವುದಕ್ಕೆ ಸಂಕೋಚವಿತ್ತು. ಏಕೆಂದರೆ ಆ ಕಥೆಯಲ್ಲಿ ನಾನು ತಪ್ಪು ಮಾಡಿದವಳು. ಆದರೂ ಹೇಳಿಬಿಡುತ್ತೇನೆ. ನನ್ನ ತಪ್ಪನ್ನು ನೋಡಿ ನಾಲ್ಕು ಮಂದಿ ಎಚ್ಚರಗೊಂಡರೆ ಸಂಕೋಚಕ್ಕೆ ಬೆಲೆ ಬಂದಂತೆ.

ನಾನು ಮದುವೆಯಾಗಿ ಮುಂಬಯಿಗೆ ಬಂದದ್ದು 1986ರಲ್ಲಿ. ಹಾಸನದ ಕಡೆಯ ಹುಡುಗಿಗೆ ದಾದರ್ ನಿಲ್ದಾಣದ ಜನಜಂಗುಳಿಗಿಂತ ಹೆಚ್ಚು ಬೆರಗು ಹುಟ್ಟಿಸಿದ್ದು ಅಲ್ಲಿ ನಿಂತಿದ್ದ ತೂಕದ ಯಂತ್ರ. ಅದರ ಮೇಲೆ ಹತ್ತಿ ನಿಂತರೆ ಬಣ್ಣಬಣ್ಣದ ದೀಪಗಳು ಮಿನುಗುವುವು, ಒಳಗಿನ ಚಕ್ರ ಗಿರಗಿರನೆ ತಿರುಗುವುದು. ನಾಣ್ಯ ಹಾಕಿದರೆ ಗಟ್ಟಿ ಕಾಗದದ ಚೀಟಿಯೊಂದು ಠಪ್ಪೆಂದು ಬೀಳುವುದು. ಒಂದು ಬದಿಯಲ್ಲಿ ತೂಕ, ಇನ್ನೊಂದು ಬದಿಯಲ್ಲಿ ಭವಿಷ್ಯ. ನನ್ನ ಮೊದಲ ಚೀಟಿಯಲ್ಲಿ 48 ಕಿಲೋ ಎಂದಿತ್ತು. ಹಿಂಬದಿಯಲ್ಲಿ, ನಿಮ್ಮ ಶ್ರಮಕ್ಕೆ ಬೇಗನೆ ಫಲ ದೊರೆಯಲಿದೆ ಎಂಬರ್ಥದ ಮಾತಿತ್ತು. ನಮ್ಮವರು ತೂಕದ ಕಡೆ ಕಣ್ಣೂ ಹಾಯಿಸದೆ ಹಿಂಬದಿಯನ್ನೇ ಎರಡು ಸಲ ಗಟ್ಟಿಯಾಗಿ ಓದಿದರು. ಆಗ ನಾವಿಬ್ಬರೂ ತೂಕಕ್ಕಾಗಿ ನಾಣ್ಯ ಹಾಕುತ್ತಿರಲಿಲ್ಲ. ಯಾರಾದರೂ ನಮಗೊಂದು ಒಳ್ಳೆಯ ಮಾತು ಹೇಳಲಿ ಎಂದು ಹಾಕುತ್ತಿದ್ದೆವು.

ಇದು ಹಳೆಯ ಮಾತು. 2023ರ ದೀಪಾವಳಿಯ ಹೊತ್ತಿಗೆ ಆ 48 ಹೋಗಿ 74 ಆಗಿತ್ತು. ಬ್ಯಾಂಕಿನಿಂದ ನಿವೃತ್ತಿಯಾದ ಮೇಲೆ ಮೊಣಕಾಲು ನನ್ನೊಡನೆ ಮಾತನಾಡಲು ಕಲಿತಿತ್ತು. ಎರಡು ಮಾಳಿಗೆ ಹತ್ತಿದರೆ ಸಾಕು, ಬೈಯಲು ತೊಡಗುವುದು. ಡಾಕ್ಟರರ ಬಳಿಗೆ ಹೋದರೆ ಅವರು ಗುಳಿಗೆಯ ಚೀಟಿ ಬರೆಯುವ ಮುಂಚೆ ಒಂದು ಟೇಪು ತೆಗೆದು ಸೊಂಟ ಅಳೆಸಿದರು. ಕಿಲೋದಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸಿದರೆ ಬರುವ ಅಂಕೆ ನಮ್ಮ ದೇಶದವರಿಗೆ 23ರೊಳಗೆ ಇರಬೇಕಂತೆ. 25 ದಾಟಿದರೆ ಬೊಜ್ಜೆಂದೇ ಲೆಕ್ಕವಂತೆ. ಸೊಂಟದ ಸುತ್ತಳತೆ ಹೆಂಗಸರಿಗೆ 80 ಸೆಂಟಿಮೀಟರು, ಗಂಡಸರಿಗೆ 90 ಮೀರಬಾರದಂತೆ. ಕೈಕಾಲು ಸಣ್ಣಗಿದ್ದು ಹೊಟ್ಟೆಯಲ್ಲಿ ಕೊಬ್ಬು ಕೂಡುವುದು ನಮ್ಮವರ ಮೈಯ ಸ್ವಭಾವ. ಆ ಒಳಗಿನ ಕೊಬ್ಬೇ ಸಕ್ಕರೆ ಕಾಯಿಲೆಗೆ ಬಾಗಿಲು ತೆರೆಯುವುದು. 2023ರಲ್ಲಿ ಹೊರಬಂದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ದೊಡ್ಡ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಸಕ್ಕರೆ ಕಾಯಿಲೆಯವರು ಸುಮಾರು 10 ಕೋಟಿ 10 ಲಕ್ಷ. ನನ್ನ ಅಂಕೆ 29 ದಾಟಿತ್ತು. ಸೊಂಟದ ಅಳತೆಯನ್ನು ಮಾತ್ರ ಓದುಗರು ಕೇಳಬಾರದು.

ಆ ಸಂಜೆ ನಮ್ಮ ಬಿಲ್ಡಿಂಗಿನ ಮೆಟ್ಟಿಲ ಬಳಿ ದುಃಖ ತೋಡಿಕೊಂಡಾಗ ನನ್ನಂಥವರು ಇನ್ನೂ ಮೂವರು ಸಿಕ್ಕರು. ಪರಊರಿನಲ್ಲಿ ನಾವೆಲ್ಲ ಹೆಸರಿನಿಂದಲ್ಲ, ಊರಿನಿಂದ ಗುರುತಾಗುವವರು. ಮೂರನೆಯ ಮಾಳಿಗೆಯ ಧಾರವಾಡದ ವೈನಿ. ಅವರದು 81 ಕಿಲೋ, ಸಕ್ಕರೆ ಗಡಿಯ ಮೇಲೆ ನಿಂತಿದೆ ಎಂದು ಡಾಕ್ಟರರು ಹೇಳಿದ್ದರು. ಎದುರು ಮನೆಯ ಉಡುಪಿಯ ಅಕ್ಕ, ರಕ್ತದ ಒತ್ತಡ. ಐದನೆಯ ಮಾಳಿಗೆಯ ಮೈಸೂರಿನ ಹುಡುಗಿ. ಹೆರಿಗೆಯಾಗಿ ಒಂದು ವರ್ಷವಾದರೂ ಮೊದಲಿನ ಸಲ್ವಾರ್ ಹತ್ತದೆಂದು ಅವಳ ಅಳಲು. ಹೀಗೆ ನಾಲ್ವರೂ ಕೂಡಿ ದಿನಾ ಬೆಳಿಗ್ಗೆ ಮಾಟುಂಗದ ಫೈವ್ ಗಾರ್ಡನ್ಸಿನ ಸುತ್ತ ನಲವತ್ತು ನಿಮಿಷ ನಡೆಯುವುದೆಂದೂ, ಭಾನುವಾರ ನಮ್ಮ ಮನೆಯಲ್ಲಿ ತೂಕ ನೋಡುವುದೆಂದೂ ನಿಶ್ಚಯವಾಯಿತು. ಬ್ಯಾಂಕಿನಲ್ಲಿ ಮೂವತ್ತು ವರ್ಷ ಲೆಡ್ಜರು ಬರೆದವಳಾದ್ದರಿಂದ ಲೆಕ್ಕದ ವಹಿ ನನ್ನ ಪಾಲಿಗೆ ಬಂತು. ಇಳಿದರೆ ನೀಲಿ ಶಾಯಿ, ಏರಿದರೆ ಕೆಂಪು ಶಾಯಿ. ಈ ಏರ್ಪಾಡನ್ನು ಕಂಡು ನಾನೇ ಹೆಮ್ಮೆಪಟ್ಟೆ.

“ನಾಲ್ಕು ಹೆಜ್ಜೆ ನಡೆಯುವುದಕ್ಕೆ ಇಷ್ಟೆಲ್ಲ ಶಾಯಿ ಎಂತಕ್ಕೆ ಮಾರಾಯ್ತಿ?” ಎಂದು ಉಡುಪಿಯ ಅಕ್ಕ ಅಂದೇ ಕೇಳಿದ್ದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಮೊದಲ ತಿಂಗಳ ಉತ್ಸಾಹವನ್ನು ಏನೆಂದು ಬಣ್ಣಿಸಲಿ! ಎರಡೇ ವಾರದಲ್ಲಿ ಒಬ್ಬೊಬ್ಬರೂ ಎರಡು, ಎರಡೂವರೆ ಕಿಲೋ ಇಳಿದೆವು. ಸಕ್ಕರೆ ಬಿಟ್ಟದ್ದು, ರಾತ್ರಿಯ ಅನ್ನ ಅರ್ಧ ಮಾಡಿದ್ದು, ಚಹಾದ ಜೊತೆಯ ಖಾರಿ ಬಿಸ್ಕತ್ತಿಗೆ ಕೈಮುಗಿದದ್ದು ಎಲ್ಲ ಸಾರ್ಥಕವೆನ್ನಿಸಿತು. ಈ ಲೆಕ್ಕದಲ್ಲಿ ಯುಗಾದಿಯ ಹೊತ್ತಿಗೆ ನಾನು ಮದುವೆಯ ಸೀರೆಯ ರವಿಕೆಯನ್ನೇ ತೊಡಬಹುದೆಂದು ಮನಸ್ಸಿನಲ್ಲಿ ಮಂಡಿಗೆ ತಿಂದೆ. (ಆ ಮಂಡಿಗೆಯಿಂದ ತೂಕ ಏರುವುದಿಲ್ಲವೆಂಬುದೇ ಸಮಾಧಾನ.)

ಆಮೇಲೆ ತಿಳಿಯಿತು, ಆ ಮೊದಲ ಇಳಿತದಲ್ಲಿ ಬಹುಪಾಲು ನೀರು. ನಮ್ಮ ಯಕೃತ್ತು ಮತ್ತು ಮಾಂಸಖಂಡಗಳಲ್ಲಿ ಹೊತ್ತಿಗಾಗಲೆಂದು ಸ್ವಲ್ಪ ಪಿಷ್ಟ ಶೇಖರವಾಗಿರುತ್ತದೆ. ಅದರ ಒಂದು ಗ್ರಾಮಿಗೆ ಸುಮಾರು ಮೂರು ಗ್ರಾಂ ನೀರು ಅಂಟಿಕೊಂಡಿರುತ್ತದೆ. ಊಟ ಕಡಿಮೆಯಾದೊಡನೆ ದೇಹ ಮೊದಲು ಆ ಶೇಖರಣೆಯನ್ನು ಖರ್ಚು ಮಾಡುತ್ತದೆ, ಜೊತೆಗಿನ ನೀರೂ ಹೊರಟುಹೋಗುತ್ತದೆ. ಕೊಬ್ಬು ಕರಗುವುದು ನಿಧಾನವಾಗಿ, ತಡೆದು ತಡೆದು. ಹಾಗೆಯೇ, ಹಿಂದಿನ ದಿನ ಉಪ್ಪು ಹೆಚ್ಚಾದರೂ ಮಾರನೆಯ ದಿನ ಒಂದು ಕಿಲೋ ಏರಿದಂತೆ ಕಾಣಬಹುದು, ಅದೂ ನೀರೇ. ಇದು ಗೊತ್ತಿಲ್ಲದವರು ಮೊದಲ ತಿಂಗಳು ಅಕಾರಣವಾಗಿ ಹಿಗ್ಗುತ್ತಾರೆ, ಎರಡನೆಯ ತಿಂಗಳು ಅಕಾರಣವಾಗಿ ಕುಗ್ಗುತ್ತಾರೆ. ನಾವೂ ಹಾಗೆಯೇ ಮಾಡಿದೆವು.

ಎರಡನೆಯ ತಿಂಗಳಲ್ಲಿ ನಮ್ಮ ಮನೆಯ ಯಂತ್ರ ಮುಷ್ಕರ ಹೂಡಿತು. ವಾರಗಟ್ಟಲೆ 71.8ರಿಂದ ಅದು ಅಲುಗಾಡಲಿಲ್ಲ. ಅದರೊಡನೆ ನನ್ನ ಮನಸ್ಸಿನ ಸ್ಥಿತಿಯೂ ಬದಲಾಯಿತು. ಅಂಕೆ ನೂರು ಗ್ರಾಂ ಇಳಿದ ದಿನ ನಮ್ಮವರಿಗೆ ಬಿಸಿಬಿಸಿ ದೋಸೆ. ನೂರು ಗ್ರಾಂ ಏರಿದ ದಿನ ಅವರು ಪತ್ರಿಕೆ ಮಡಿಸಿದ ಸದ್ದೂ ನನಗೆ ಸಹಿಸದು. “ಯಂತ್ರ ನೋಡಿಕೊಂಡೇ ನಾನು ಅಡಿಗೆಮನೆಗೆ ಬರಬೇಕಾಗಿದೆ” ಎಂದು ಅವರು ಫೋನಿನಲ್ಲಿ ಮಗಳಿಗೆ ದೂರು ಕೊಟ್ಟರು. ಮನೆಯವರ ಸಹಕಾರವೂ ಒಂದು ರೀತಿಯದೇ. ನನ್ನ ಪಾಲಿನ ಹೋಳಿಗೆಯನ್ನು ನಾನು ತಿನ್ನದಂತೆ ನೋಡಿಕೊಳ್ಳುವುದಕ್ಕಾಗಿ ತಾವೇ ತಿಂದು ಮುಗಿಸುವಷ್ಟು ಸಹಕಾರ!

ಹೊರಗಿನವರ ಮಾತಿನ ರೀತಿಯೇ ಬೇರೆ. ಸಂಕ್ರಾಂತಿಯ ದಿನ ಸಂಘದಲ್ಲಿ ಎಳ್ಳುಬೆಲ್ಲ ಹಂಚುವಾಗ ಧಾರವಾಡದ ವೈನಿ ನಾಲ್ಕೂವರೆ ಕಿಲೋ ಇಳಿದ ಖುಷಿಯಲ್ಲಿ ಇಳಕಲ್ ಸೀರೆ ಉಟ್ಟು ಬಂದಿದ್ದರು. ಹಿರಿಯರೊಬ್ಬರು ಎಲ್ಲರಿಗೂ ಕೇಳುವಂತೆ, “ಏನಮ್ಮಾ, ಮೈಯಲ್ಲಿ ಹುಷಾರಿಲ್ಲವೇ? ಮುಖ ಬತ್ತಿಹೋಗಿದೆ!” ಎಂದರು. ನಮ್ಮಲ್ಲಿ ದಪ್ಪಗಾದರೆ ‘ಮೈ ಕೈ ತುಂಬಿಕೊಂಡಿದೆ’ ಎಂಬುದೂ ಮೆಚ್ಚುಗೆಯೇ, ‘ಏನು ಇಷ್ಟು ಊದಿಬಿಟ್ಟಿರಿ’ ಎಂಬುದೂ ಕುಶಲಪ್ರಶ್ನೆಯೇ, ಸಣ್ಣಗಾದರೆ ಕಾಯಿಲೆ. ಯಾವ ಅಳತೆಯಲ್ಲಿದ್ದರೆ ಜನ ಸುಮ್ಮನಿರುತ್ತಾರೆಂಬುದನ್ನು ಯಾವ ಡಾಕ್ಟರರೂ ಹೇಳಿಲ್ಲ. ವೈನಿ ನಕ್ಕರು, ಆದರೆ ಆಮೇಲೆ ಎಳ್ಳುಬೆಲ್ಲದ ಪೊಟ್ಟಣವನ್ನು ಬಿಚ್ಚದೆ ಚೀಲಕ್ಕೆ ಹಾಕಿಕೊಂಡದ್ದನ್ನು ನಾನು ಕಂಡೆ.

ಇನ್ನೊಂದು ಕಷ್ಟ ನಮ್ಮಂಥ ಪರಊರಿನವರಿಗೇ ವಿಶೇಷ. ನಮಗೆ ಊರೆಂದರೆ ಡಬ್ಬಿ. ಯಾರೇ ಊರಿನಿಂದ ಬರಲಿ, ಧಾರವಾಡದ ಪೇಡೆ, ಗೋಕಾಕದ ಕರದಂಟು, ಅಕ್ಕ ಕೊಟ್ಟ ಚಕ್ಕುಲಿ, ಅತ್ತಿಗೆಯ ಕೋಡುಬಳೆ ಜೊತೆಗೆ ಬರಲೇಬೇಕು. ಅದನ್ನು ಬೇಡವೆಂದರೆ ತಿಂಡಿಯನ್ನಲ್ಲ, ಕೊಟ್ಟ ಕೈಯನ್ನೇ ಬೇಡವೆಂದಂತೆ. ಒಂದು ರಾತ್ರಿ ನಾನು ಅಡಿಗೆಮನೆಯ ದೀಪ ಹಾಕದೆ, ಡಬ್ಬಿಯ ಮುಚ್ಚಳ ಸದ್ದಾಗದಂತೆ ತೆಗೆದು, ನಿಂತಲ್ಲೇ ಆರು ಚಕ್ಕುಲಿ ತಿಂದೆ. ಅರುವತ್ತರ ಹೆಂಗಸು, ಸ್ವಂತ ಮನೆಯಲ್ಲಿ, ಕಳ್ಳನಂತೆ! ಮರುದಿನ ಗೆಳತಿಯರಿಗೆ ಹೇಳಿದೆನೇ? ಇಲ್ಲ. ವಹಿಯಲ್ಲಿ ನನ್ನ ಹೆಸರಿನ ಮುಂದೆ ಕೆಂಪು ಶಾಯಿ ಬೀಳಬಾರದೆಂದು ಶನಿವಾರ ರಾತ್ರಿ ಊಟವನ್ನೇ ಬಿಟ್ಟೆ. ಲೆಕ್ಕ ಸರಿಹೋಯಿತು. ಬ್ಯಾಂಕಿನಲ್ಲಿ ಹೀಗೆ ಮಾಡಿದ್ದರೆ ಕೆಲಸ ಹೋಗುತ್ತಿತ್ತು.

ಹೀಗಿರುವಾಗ 2024ರ ಮಾರ್ಚಿ ಕೊನೆಯಲ್ಲಿ ವೈನಿಯ ತಂದೆಯವರು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರೆಂದು ಫೋನು ಬಂತು. ವೈನಿ ಆ ರಾತ್ರಿಯೇ ಹೊರಟರು. ಐದು ವಾರ ಆಸ್ಪತ್ರೆ, ಮನೆ ಎಂದು ಓಡಾಡಿ ಮೇ ತಿಂಗಳಲ್ಲಿ ಹಿಂದಿರುಗಿದರು. ಬಂದ ಮೊದಲ ಭಾನುವಾರ ಯಂತ್ರ ಹತ್ತಿದರು. ಹೋಗುವಾಗ 74.6 ಇದ್ದದ್ದು 77.8 ಆಗಿತ್ತು. ನಾನು ತಂದೆಯವರು ಹೇಗಿದ್ದಾರೆಂದು ಕೇಳಿದೆ, ಕೇಳಿಲ್ಲವೆಂದಲ್ಲ. ಆದರೆ ಕೇಳುತ್ತ ಕೇಳುತ್ತಲೇ ಕೆಂಪು ಪೆನ್ನು ತೆಗೆದು ‘ಏರಿಕೆ 3.2’ ಎಂದು ಬರೆದು, ಅಭ್ಯಾಸಬಲದಿಂದ ಕೆಳಗೆ ಎರಡು ಗೀಟು ಎಳೆದೆ. “ಪರವಾಗಿಲ್ಲ ವೈನಿ, ಎರಡು ತಿಂಗಳಲ್ಲಿ ಇಳಿಸಿಬಿಡೋಣ” ಎಂದು ಧೈರ್ಯವನ್ನೂ ಹೇಳಿದೆ.

ಮಾರನೆಯ ದಿನ ವೈನಿ ಬರಲಿಲ್ಲ. ಮಂಡಿ ನೋವು ಎಂದರು. ಆಮೇಲೆ ಮನೆಗೆ ನೆಂಟರು. ಆಮೇಲೆ ಮಳೆ ಹಿಡಿಯಿತು. ನಾವು ಮೂವರು ಬಿಲ್ಡಿಂಗಿನ ಕೆಳಗೆ ವಾಹನ ನಿಲ್ಲಿಸುವ ಜಾಗದಲ್ಲೇ ಸುತ್ತು ಹಾಕುತ್ತಿದ್ದೆವು. ವೈನಿ ನಮ್ಮನ್ನು ಕಂಡರೆ ಲಿಫ್ಟಿನ ಕಡೆಗೆ ಸರಸರನೆ ನಡೆದುಬಿಡುವರು. “ಅವರಿಗೆ ಮನಸ್ಸಿಲ್ಲ ಬಿಡಿ” ಎಂದು ನಾನೇ ತೀರ್ಪು ಕೊಟ್ಟೆ. ಆಮೇಲೆ ತಿಳಿಯಿತು, ಅವರು ಡಾಕ್ಟರರ ಬಳಿಗೆ ಹೋಗುವುದನ್ನೂ ಬಿಟ್ಟಿದ್ದರು. ಮೂರು ತಿಂಗಳಿಗೊಮ್ಮೆ ಆಗಬೇಕಾಗಿದ್ದ ಸಕ್ಕರೆಯ ಪರೀಕ್ಷೆ ಆಗಿಯೇ ಇರಲಿಲ್ಲ. ಅಲ್ಲಿಯೂ ಒಂದು ತೂಕದ ಯಂತ್ರ ಇರುತ್ತದಲ್ಲ!

ಆ ಮಳೆಗಾಲದಲ್ಲಿ ನನಗೆ ಓದಲು ಸಿಕ್ಕ ಒಬ್ಬ ಅಮೆರಿಕದ ಗೃಹಿಣಿಯ ಕಥೆಯನ್ನು ಇಲ್ಲಿ ಹೇಳಬೇಕು. ಅವಳ ಹೆಸರು ಜೀನ್ ನೈಡೆಚ್. ನ್ಯೂಯಾರ್ಕ್ ನಗರದ ಕ್ವೀನ್ಸ್ ಭಾಗದಲ್ಲಿದ್ದವಳು, ಬಸ್ ಚಾಲಕನ ಹೆಂಡತಿ, ಇಬ್ಬರು ಗಂಡುಮಕ್ಕಳ ತಾಯಿ. 1961ರಲ್ಲಿ ಅವಳ ತೂಕ 214 ಪೌಂಡು, ಎಂದರೆ ಸುಮಾರು 97 ಕಿಲೋ. ಒಂದು ದಿನ ಅಂಗಡಿಯಲ್ಲಿ ಸಿಕ್ಕ ಪರಿಚಿತಳೊಬ್ಬಳು ಅವಳನ್ನು ಚೆನ್ನಾಗಿ ಕಾಣುತ್ತೀಯೆಂದು ಹೊಗಳಿ, ಹೆರಿಗೆ ಯಾವಾಗ ಎಂದು ವಿಚಾರಿಸಿದಳಂತೆ. (ಇಂಥ ಹಿತೈಷಿಗಳು ಎಲ್ಲ ದೇಶದಲ್ಲಿಯೂ ಉಂಟೆಂದು ತಿಳಿದು ನನಗೆ ಸಮಾಧಾನವಾಯಿತು.) ನಗರದ ಆರೋಗ್ಯ ಇಲಾಖೆಯ ಬೊಜ್ಜಿನ ಚಿಕಿತ್ಸಾಲಯಕ್ಕೆ ಅವಳು ಹೋದಳು. ಅಲ್ಲಿ ಕೊಟ್ಟ ಪಥ್ಯದಿಂದ ಹತ್ತು ವಾರಗಳಲ್ಲಿ 20 ಪೌಂಡು ಇಳಿಯಿತು. ಆದರೆ ಸ್ನಾನದ ಮನೆಯಲ್ಲಿ, ಒಗೆಯುವ ಬಟ್ಟೆಯ ಬುಟ್ಟಿಯೊಳಗೆ ಬಚ್ಚಿಟ್ಟ ಬಿಸ್ಕತ್ತನ್ನು ಕದ್ದು ತಿನ್ನುವ ಸಂಗತಿಯನ್ನು ಮಾತ್ರ ಅಲ್ಲಿ ಬಾಯಿಬಿಟ್ಟು ಹೇಳಲು ಅವಳಿಂದಾಗಲಿಲ್ಲ. ಕೊನೆಗೆ ಆರು ಮಂದಿ ಸ್ಥೂಲಕಾಯದ ಗೆಳತಿಯರನ್ನು ಮನೆಗೆ ಕರೆದು ಅವರ ಮುಂದೆ ಹೇಳಿಬಿಟ್ಟಳು. ಕೇಳಿದ್ದೇ ತಡ, ಅವರೂ ತಂತಮ್ಮ ಬಚ್ಚಿಟ್ಟ ಬುಟ್ಟಿಗಳ ಸುದ್ದಿ ತೆಗೆದರು! ವಾರ ವಾರ ಸೇರತೊಡಗಿದರು. ಆರು ಮಂದಿ ಎರಡೇ ತಿಂಗಳಲ್ಲಿ ನಲವತ್ತಾದರು. 1962ರ ಅಕ್ಟೋಬರಿನ ಹೊತ್ತಿಗೆ ಅವಳ ತೂಕ 142 ಪೌಂಡಿಗೆ ಇಳಿದಿತ್ತು. 1963ರಲ್ಲಿ ಆ ಕೂಟವೇ ‘ವೇಟ್ ವಾಚರ್ಸ್’ ಎಂಬ ದೊಡ್ಡ ವ್ಯಾಪಾರ ಸಂಸ್ಥೆಯಾಯಿತು. ಅವಳು 2015ರಲ್ಲಿ, 91ನೆಯ ವಯಸ್ಸಿನಲ್ಲಿ ತೀರಿಕೊಂಡಳು.

ವ್ಯಾಪಾರದ ಮಾತು ನಮಗೆ ಬೇಡ. ನನ್ನನ್ನು ಚುಚ್ಚಿದ್ದು ಆ ಬಟ್ಟೆಯ ಬುಟ್ಟಿ. ಪಥ್ಯದ ಪಟ್ಟಿಯಂತೂ ಚಿಕಿತ್ಸಾಲಯದಲ್ಲಿಯೇ ಸಿಕ್ಕಿತ್ತು. ಸಿಗದೆ ಇದ್ದದ್ದು, ಕದ್ದು ತಿಂದದ್ದನ್ನು ಹೇಳಿಕೊಳ್ಳಲು ಒಂದು ಜಾಗ. ಅವಳು ಗೆಳತಿಯರನ್ನು ಕರೆದದ್ದು ಚಪ್ಪಾಳೆಗಾಗಿ ಅಲ್ಲ. ನನ್ನ ಮನೆಯಲ್ಲಿ ಏನಾಗಿತ್ತು? ಭಾನುವಾರದ ಕೂಟವಿತ್ತು, ಯಂತ್ರವಿತ್ತು, ಎರಡು ಬಣ್ಣದ ಶಾಯಿ ಇತ್ತು. ಆ ಜಾಗ ಇರಲಿಲ್ಲ. ವಹಿ ಹಿಡಿದ ನಾನೇ ನನ್ನ ಚಕ್ಕುಲಿಯನ್ನು ಹೇಳಿಕೊಳ್ಳಲಾರದೆ ಇದ್ದಾಗ ವೈನಿ ತಮ್ಮದನ್ನು ಎಲ್ಲಿ ಹೇಳಿಕೊಂಡಾರು?

ಶ್ರಾವಣದ ಒಂದು ಶುಕ್ರವಾರ ಅರಿಸಿನ ಕುಂಕುಮದ ನೆಪ ಹಿಡಿದು ವೈನಿಯ ಮನೆಗೆ ಹೋದೆ. ಕುಂಕುಮ ಕೊಟ್ಟರು, ಹಾಲು ಕೊಟ್ಟರು. ಮಾತು ಮಾತ್ರ ಕೊಡಲಿಲ್ಲ. ಕೊನೆಗೆ ನಾನೇ ಚಕ್ಕುಲಿಯ ಕಥೆ ಹೇಳಿದೆ. ಆರು ಎಂದು ಬಾಯಿಗೆ ಬಂದದ್ದನ್ನು ತಿದ್ದಿ, “ಎಂಟು ವೈನಿ, ನಿಜ ಹೇಳುತ್ತೇನೆ” ಎಂದೆ. (ಓದುಗರೂ ಮೇಲಿನ ಅಂಕೆಯನ್ನು ತಿದ್ದಿಕೊಳ್ಳಬೇಕು.) ವೈನಿ ನಕ್ಕವರು ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡರು.

“ಏನ್ ಹೇಳ್ಲಿ ಅಕ್ಕಾರ, ದವಾಖಾನ್ಯಾಗ ಅಪ್ಪನ ಬಾಜೂಕ ರಾತ್ರಿಯೆಲ್ಲಾ ಕೂತಿರತಿದ್ದೆ. ಹಸಿವ್ಯಾಗಿ ತಿಂತಿದ್ದಿಲ್ಲ. ಕೈ ಸುಮ್ಮನ ಕೂತ್ರ ಅಂಜಿಕಿ ಬರತಿತ್ತು, ಅದಕ್ಕ ತಿಂತಿದ್ದೆ. ಇಲ್ಲಿ ಬಂದ ಮ್ಯಾಲ ನಿಮ್ಮ ವಹಿಯೊಳಗ ಆ ಕೆಂಪು ಗೀಟು ನೋಡಿದ್ಯಾ, ಸಾಲ್ಯಾಗ ಗಣಿತದಾಗ ನಪಾಸಾದ ದಿನ ನೆನಪಾತು. ಆರೂವರೆ ಕಿಲೋ ಇಳಿಸಿದಾಗ ನೀವೆಲ್ಲಾ ಚಪ್ಪಾಳಿ ಹೊಡದ್ರಿ. ಏರಿದ ಮ್ಯಾಲ ಆ ಚಪ್ಪಾಳಿ ನೆನಪಾಗಿಯೇ ಹೆಚ್ಚು ನಾಚಿಕಿ ಬಂತು ನೋಡ್ರಿ.”

ನನಗೆ ಉತ್ತರ ಹೊಳೆಯಲಿಲ್ಲ. “ತಪ್ಪು ನನ್ನದು ವೈನಿ” ಎಂದೆ. “ನಿಮ್ಮದೇನ ತಪ್ಪು, ನೀವು ಛಲೋದಕ್ಕ ಮಾಡಿದ್ರಿ” ಎಂದರು. ಒಳ್ಳೆಯದಕ್ಕೆ ಮಾಡಿದ್ದೇ ಅವರನ್ನು ಮೂರು ತಿಂಗಳು ಮನೆಯೊಳಗೆ ಕೂರಿಸಿತ್ತೆಂಬುದನ್ನು ಅವರೂ ಹೇಳಲಿಲ್ಲ, ನಾನೂ ಹೇಳಲಿಲ್ಲ.

ಮುಂದಿನ ಭಾನುವಾರ ನಾಲ್ವರೂ ಕೂತು ಹಳೆಯ ಏರ್ಪಾಡನ್ನು ರದ್ದು ಮಾಡಿದೆವು. ವಹಿ ರದ್ದಿಯವನಿಗೆ ಹೋಯಿತು. ಅವರವರ ತೂಕ ಅವರವರ ಮನೆಯಲ್ಲಿ. ಹೇಳಬೇಕೆನಿಸಿದರೆ ಹೇಳುವುದು, ಇಲ್ಲದಿದ್ದರೆ ಇಲ್ಲ. “ಎಷ್ಟು ಇಳಿಯಿತು?” ಎಂದು ಯಾರೂ ಕೇಳಕೂಡದು, “ಈ ವಾರ ಹೇಗಿತ್ತು?” ಎಂದು ಕೇಳಬೇಕು. ಹೊಗಳುವುದಾದರೆ ಮೈಯನ್ನಲ್ಲ, ಮಾಡಿದ ಕೆಲಸವನ್ನು ಹೊಗಳಬೇಕು: ಮಳೆಯಲ್ಲಿಯೂ ನಡೆದಿರಿ, ಮದುವೆ ಮನೆಯಲ್ಲಿ ಎರಡನೆಯ ಜಿಲೇಬಿ ಬೇಡವೆಂದಿರಿ ಎಂದು. ಯಾರಾದರೂ ಎರಡು ದಿನ ಬಾರದಿದ್ದರೆ ಇನ್ನೊಬ್ಬರು ಹೋಗಿ ಬಾಗಿಲು ತಟ್ಟಬೇಕು. ಏಕೆ ಬರಲಿಲ್ಲವೆಂದು ವಿಚಾರಣೆ ಮಾಡದೆ, ಚಪ್ಪಲಿ ಹಾಕಿಕೊಳ್ಳುವವರೆಗೆ ಬಾಗಿಲಲ್ಲೇ ಕಾಯಬೇಕು. ಈ ಕೊನೆಯ ನಿಯಮ ಮೈಸೂರಿನ ಹುಡುಗಿಯದು. “ಆಂಟಿ, ಮಗು ರಾತ್ರಿಯೆಲ್ಲಾ ಅತ್ತ ದಿನ ನನಗೆ ಬುದ್ಧಿವಾದ ಬೇಡ. ಯಾರಾದರೂ ಬಾಗಿಲಲ್ಲಿ ನಿಂತಿದ್ದರೆ ಸಾಕು” ಎಂದಳು.

ತೂಕವನ್ನೇ ಹೀಗೆ ಮೂಲೆಗೆ ಸರಿಸಿದರೆ ಫಲವೇನು ಎಂದು ನೀವು ಕೇಳಬಹುದು. ಚೆನ್ನೈನಲ್ಲಿ ನಡೆದ ಒಂದು ಅಧ್ಯಯನವನ್ನು ಕೇಳಿ; ಅದರ ಫಲಿತಾಂಶ 2006ರಲ್ಲಿ ಪ್ರಕಟವಾಯಿತು. ಸಕ್ಕರೆ ಕಾಯಿಲೆಯ ಗಡಿಯಲ್ಲಿದ್ದ 531 ಮಂದಿಯನ್ನು ಆರಿಸಿಕೊಂಡು ಗುಂಪು ಮಾಡಿದರು. ಒಂದು ಗುಂಪಿನವರಿಗೆ ದಿನಕ್ಕೆ ಅರ್ಧ ಗಂಟೆ ಬಿರುಸಾಗಿ ನಡೆಯಲು, ಸಕ್ಕರೆ, ಜಿಡ್ಡು, ಮೈದಾ ತಗ್ಗಿಸಲು ಹೇಳಿ, ಆಗಾಗ ವಿಚಾರಿಸಿಕೊಳ್ಳುತ್ತ ಇದ್ದರು. ಮೂರು ವರ್ಷದಲ್ಲಿ, ಏನೂ ಹೇಳದೆ ಬಿಟ್ಟವರಲ್ಲಿ ನೂರಕ್ಕೆ 55 ಮಂದಿಗೆ ಸಕ್ಕರೆ ಕಾಯಿಲೆ ಬಂತು. ನಡೆದು, ಪಥ್ಯ ಮಾಡಿದವರಲ್ಲಿ ಬಂದದ್ದು ಸುಮಾರು 39 ಮಂದಿಗೆ. ವಿಶೇಷವೇನೆಂದರೆ, ಅವರ ತೂಕದಲ್ಲಿ ಹೇಳಿಕೊಳ್ಳುವಂಥ ಇಳಿತ ಆಗಿರಲೇ ಇಲ್ಲ! ಯಂತ್ರದ ಅಂಕೆ ಸುಮ್ಮನೆ ನಿಂತಿದ್ದಾಗಲೂ ನಡಿಗೆ ಒಳಗೊಳಗೇ ತನ್ನ ಕೆಲಸ ಮಾಡುತ್ತಿತ್ತು. ತೂಕ ಇಳಿದರೆ ಇನ್ನೂ ಒಳ್ಳೆಯದೇ. ಆದರೆ ಇಳಿಯದ ವಾರವೆಲ್ಲ ದಂಡವಾಯಿತೆಂದು ಅಳಬೇಕಾದ್ದಿಲ್ಲ.

ಏರಿತೆಂದು ನಾಚಬೇಕಾದ್ದೂ ಇಲ್ಲ. 2011ರಲ್ಲಿ ಆಸ್ಟ್ರೇಲಿಯದ ಮೆಲ್ಬರ್ನಿನ ವೈದ್ಯರು ತೋರಿಸಿದ್ದೇನೆಂದರೆ, ಪಥ್ಯದಿಂದ ತೂಕ ಇಳಿಸಿದವರಲ್ಲಿ ಹಸಿವು ಹುಟ್ಟಿಸುವ ರಸಗಳು ಒಂದು ವರ್ಷದ ಮೇಲೂ ಮೊದಲಿನ ಮಟ್ಟಕ್ಕೆ ಬರುವುದಿಲ್ಲ; ಹಸಿವು ಹೆಚ್ಚಾಗಿಯೇ ಇರುತ್ತದೆ. ಮೈ ಸಣ್ಣಗಾದಷ್ಟೂ ಅದರ ದಿನದ ಖರ್ಚೂ ಕಡಿಮೆ. ಅಂದರೆ ದೇಹ ಕಳೆದುಕೊಂಡದ್ದನ್ನು ಮರಳಿ ಕೂಡಿಡಲು ಹವಣಿಸುತ್ತಿರುತ್ತದೆ, ಬರಗಾಲ ಕಂಡ ರೈತನಂತೆ. ಅದಕ್ಕೆ ‘ಮನಸ್ಸಿಲ್ಲ’ ಎಂದು ನಾನು ಕೊಟ್ಟ ತೀರ್ಪು ಎಷ್ಟು ಅನ್ಯಾಯ! 2025ರಿಂದ ಈಚೆಗೆ ನಮ್ಮ ದೇಶದಲ್ಲಿಯೂ ಹೆಸರಾಗಿರುವ ವಾರಕ್ಕೊಮ್ಮೆಯ ಚುಚ್ಚುಮದ್ದುಗಳು ಈ ಹಸಿವನ್ನೇ ತಗ್ಗಿಸುತ್ತವೆ. ಕೆಲವರಿಗೆ ಅವು ನಿಜವಾಗಿ ಬೇಕು. ಅದರಲ್ಲಿ ಅವಮಾನವೇನೂ ಇಲ್ಲ. ಆದರೆ ಡಾಕ್ಟರರು ಹೇಳಿದರೆ ಮಾತ್ರ. ನಿಲ್ಲಿಸಿದ ಮೇಲೆ ಇಳಿದದ್ದರಲ್ಲಿ ಬಹುಪಾಲು ಮರಳಿ ಬರುವುದುಂಟೆಂದು ಪರೀಕ್ಷೆಗಳಲ್ಲಿ ಕಂಡಿರುವುದರಿಂದ, ಚುಚ್ಚಿಸಿಕೊಂಡವರಿಗೂ ಬೆಳಗಿನ ಜೊತೆಗಾರರು ಬೇಕೇ ಬೇಕು. ಹಾಗೆಯೇ ಸಕ್ಕರೆಗೆ ಗುಳಿಗೆಯನ್ನೋ ಇನ್ಸುಲಿನ್ನನ್ನೋ ತೆಗೆದುಕೊಳ್ಳುವವರು ಡಾಕ್ಟರರನ್ನು ಕೇಳದೆ ಊಟ ಬಿಡಬಾರದು. ಸಕ್ಕರೆ ತೀರ ಇಳಿದು ಅಪಾಯವಾದೀತು. ಪ್ರಯತ್ನವಿಲ್ಲದೆ ತೂಕ ಇಳಿಯುತ್ತಿದ್ದರೆ ಅದು ಸಂತೋಷದ ಸುದ್ದಿಯಲ್ಲ, ತೋರಿಸಿಕೊಳ್ಳಬೇಕಾದ ಸುದ್ದಿ.

ಇನ್ನು ನಮ್ಮ ನಾಲ್ವರ ಸಮಾಚಾರ. ಉಡುಪಿಯ ಅಕ್ಕನ ತೂಕ ಎಷ್ಟೆಂದು ನನಗೆ ಗೊತ್ತಿಲ್ಲ. ಆಕೆ ಹೇಳುವುದಿಲ್ಲ, ನಾನು ಕೇಳುವುದಿಲ್ಲ. ಮೈಸೂರಿನ ಹುಡುಗಿ ಹಳೆಯ ಸಲ್ವಾರನ್ನು ಯಾರಿಗೋ ಕೊಟ್ಟು ತನ್ನ ಅಳತೆಗೆ ಹೊಸದು ಹೊಲಿಸಿಕೊಂಡಿದ್ದಾಳೆ. ಅದು ನನಗೆ ತುಂಬ ಹಿಡಿಸಿತು. ನಾನು 71ರ ಆಚೆ ಈಚೆ ತೂಗುಯ್ಯಾಲೆಯಾಡುತ್ತಿದ್ದೇನೆ. ಮೊಣಕಾಲು ಈಗ ನಾಲ್ಕನೆಯ ಮಾಳಿಗೆಯವರೆಗೆ ಸುಮ್ಮನಿರುತ್ತದೆ. ವೈನಿ 76ಕ್ಕೆ ಬಂದು ನಿಂತಿದ್ದಾರೆ, ತಾವಾಗಿಯೇ ಹೇಳಿದರು. ಅವರ ಮೂರು ತಿಂಗಳ ಸರಾಸರಿ ಸಕ್ಕರೆ ಮೊದಲು 6.1 ಇತ್ತು, ಕಳೆದ ಸಲ 5.9. 6.5ಕ್ಕೆ ಹೋದರೆ ಕಾಯಿಲೆ ಎಂದು ಲೆಕ್ಕ. ಗಡಿಯನ್ನು ಪೂರ್ತಿ ಬಿಟ್ಟು ಬಂದಿಲ್ಲ, ದಾಟಿಯೂ ಇಲ್ಲ. ತಂದೆಯವರು ಕೋಲು ಹಿಡಿದು ಅಂಗಳದವರೆಗೆ ಬರುತ್ತಾರಂತೆ. “ಅಪ್ಪನೂ ನಡೀತಾರ, ನಾನೂ ನಡೀತೀನಿ” ಎನ್ನುತ್ತಾರೆ ವೈನಿ.

ಪುಣೆಯ ಸೋದರಿಗೆ, ಮತ್ತು ಪತ್ರ ಬರೆಯದೆ ಅಳುತ್ತಿರುವ ಇತರ ಸೋದರ ಸೋದರಿಯರಿಗೆ ನನ್ನ ಬಿನ್ನಹ ಇಷ್ಟೆ. ಒಬ್ಬರೇ ಇಳಿಸಲು ಹೊರಡಬೇಡಿ. ಸಂಘದಲ್ಲೋ ಬಿಲ್ಡಿಂಗಿನಲ್ಲೋ ನಾಲ್ವರನ್ನು ಹುಡುಕಿಕೊಳ್ಳಿ. ಹುಡುಕುವಾಗ, ಇಳಿದ ದಿನ ಚಪ್ಪಾಳೆ ಹೊಡೆಯುವವರನ್ನಲ್ಲ, ಏರಿದ ದಿನ ನಿಮ್ಮ ಬಾಗಿಲಲ್ಲಿ ನಿಲ್ಲುವವರನ್ನು ಹುಡುಕಿ. ನೀವೂ ಮತ್ತೊಬ್ಬರಿಗೆ ಅಂಥವರಾಗಿ. ಮತ್ತು ಮುಂದಿನ ಹಬ್ಬದೂಟದಲ್ಲಿ ಬಡಿಸುವವರಿಗೊಂದು ಮಾತು: ಹೋಳಿಗೆಯನ್ನು ಒಂದು ಸಲ ಕೇಳಿ ಬಡಿಸಿ, ಬೇಡವೆಂದವರ ಎಲೆಯ ಮೇಲೆ ಪ್ರೀತಿಯಿಂದ ಬಲಾತ್ಕಾರ ಮಾಡಬೇಡಿ. ಬೇಕೆಂದವರನ್ನು ಎಣಿಸಬೇಡಿ.

ಆ ರೈಲು ನಿಲ್ದಾಣದ ಮೊದಲ ಚೀಟಿ ಇನ್ನೂ ನನ್ನ ಹಳೆಯ ಪೆಟ್ಟಿಗೆಯಲ್ಲಿದೆ. ತೂಕದ ಅಂಕೆ ಮಾಸಿಹೋಗಿದೆ. ಹಿಂಬದಿಯ ಮಾತನ್ನು ಕನ್ನಡಕವಿಲ್ಲದೆಯೂ ಓದಬಹುದು. ಮೊನ್ನೆ ಅದನ್ನು ವೈನಿಗೆ ತೋರಿಸಿದೆ. ಅವರೂ ನಮ್ಮವರ ಹಾಗೆಯೇ ತೂಕದ ಕಡೆ ನೋಡಲಿಲ್ಲ.